ಮೂರನೇ ಊರು ದಾಟದವನ ಶಿಫಾರಸು

ಮೊನ್ನೆ ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿದ್ದ ಮಹನೀಯರೊಬ್ಬರು ಸೀನಿದರು. ಸೀನು ಎಂಬುದು ಪ್ರಬಂಧಕ್ಕೆ ವಸ್ತುವಾಗಬಲ್ಲಷ್ಟು ಘನವಾದ ಘಟನೆಯಲ್ಲವೆಂದು ನಾನೂ ಬಲ್ಲೆ. ಆದರೆ ಅವರು ಎರಡನೆಯ ಸೀನಿಗೆ ಮೂಗನ್ನು ಸಜ್ಜುಗೊಳಿಸುವಷ್ಟರಲ್ಲಿ ಪಕ್ಕದವರು ಮೆಣಸಿನ ಕಷಾಯವನ್ನೂ, ಹಿಂದಿನವರು ನೀಲಗಿರಿ ಎಣ್ಣೆಯನ್ನೂ, ಕಿಟಕಿ ಬದಿಯ ಅಜ್ಜಿಯೊಬ್ಬರು ಬೆಲ್ಲ ಬೆರೆಸಿದ ಅರಿಶಿನವನ್ನೂ ಶಿಫಾರಸು ಮಾಡಿಯಾಗಿತ್ತು. ಕಂಡಕ್ಟರು ಟಿಕೆಟ್ ಹರಿಯುತ್ತಲೇ ತಮಗೆ ಗೊತ್ತಿದ್ದ ಹೋಮಿಯೋಪತಿ ವೈದ್ಯರೊಬ್ಬರ ವಿಳಾಸ ಹೇಳಿದರು. ಬಸ್ಸು ತುಂಗೆಯ ಸೇತುವೆಯನ್ನು ದಾಟುವ ಹೊತ್ತಿಗೆ ಆ ಒಂದು ಮೂಗಿಗೆ ಏಳು ಚಿಕಿತ್ಸೆಗಳು ನಿಗದಿಯಾಗಿದ್ದವು. ವೈದ್ಯರನ್ನು ಸೂಚಿಸಿದ ಕಂಡಕ್ಟರು ಆಮೇಲೆ ಭದ್ರಾವತಿಯವರೆಗೂ ಕೆಮ್ಮುತ್ತಲೇ ಇದ್ದರು.

ಅನುಭವಿಸುವುದಕ್ಕಿಂತ ಶಿಫಾರಸು ಮಾಡುವುದರಲ್ಲಿ ಹೆಚ್ಚಿನ ಸುಖವಿದೆ ಎಂಬುದು ನನ್ನ ಬಹುಕಾಲದ ಸಿದ್ಧಾಂತ. ಊಟ ಮಾಡಿದರೆ ಹೊಟ್ಟೆ ತುಂಬುತ್ತದೆ, ಅಲ್ಲಿಗೆ ಮುಗಿಯಿತು. ಆದರೆ ಅಲ್ಲಿಗೇ ಹೋಗಿ, ಇಂಥದ್ದನ್ನೇ ತಿನ್ನಿ ಎಂದು ಇನ್ನೊಬ್ಬರಿಗೆ ಹೇಳಿದರೆ, ನಮ್ಮ ಹೊಟ್ಟೆಗೆ ಏನೂ ಬೀಳದಿದ್ದರೂ ಎದೆ ಒಂದಂಗುಲ ಅಗಲವಾಗುತ್ತದೆ. ನಾನು ಕಂಡಿರದ ಜಲಪಾತಗಳಿಗೆ ಜನರನ್ನು ಕಳಿಸಿದ್ದೇನೆ. ನಮ್ಮ ಮನೆಯಲ್ಲಿ ಒರಳುಕಲ್ಲು ಗುಡುಗುತ್ತಿದ್ದ ಕಾಲದಲ್ಲೇ ನೆಂಟರಿಷ್ಟರಿಗೆ ಮಿಕ್ಸಿಗಳ ತಾರತಮ್ಯವನ್ನು ವಿವರಿಸಿದ್ದೇನೆ. ಇದಕ್ಕೆ ನನ್ನ ವೃತ್ತಿಯೂ ಸ್ವಲ್ಪ ಕಾರಣ. ಶಿವಮೊಗ್ಗದ ಕಾಲೇಜೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದ ನಾನು, ಮುನ್ನುಡಿಯನ್ನೂ ಬೆನ್ನುಡಿಯನ್ನೂ ಓದಿ ನಡುವಿನ ಮುನ್ನೂರು ಪುಟಗಳನ್ನು ಅಂದಾಜಿನಿಂದ ಪೂರೈಸಿಕೊಳ್ಳುವ ವಿದ್ಯೆಯಲ್ಲಿ ಸಾಕಷ್ಟು ಪಳಗಿದ್ದೆ. ನನ್ನ ವಿದ್ಯಾರ್ಥಿಗಳು ಆ ಮುನ್ನುಡಿಯನ್ನೂ ಓದುತ್ತಿರಲಿಲ್ಲವಾದ್ದರಿಂದ ಈ ವಿದ್ಯೆ ಎಂದೂ ಪರೀಕ್ಷೆಗೆ ಒಳಗಾಗಲಿಲ್ಲ.

ಅದು ಪರೀಕ್ಷೆಗೆ ಒಳಗಾದದ್ದು ಕಂಪ್ಯೂಟರ್ ಆಟಗಳ ವಿಷಯದಲ್ಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳವು. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಪಿಎಚ್‌.ಡಿ.ಗೆ ಹೆಸರು ನೋಂದಾಯಿಸಿ, ಪ್ರಬಂಧವನ್ನು ನಾನೇ ಟೈಪು ಮಾಡಿಬಿಡುತ್ತೇನೆಂಬ ಸಾತ್ವಿಕ ಅಹಂಕಾರದಿಂದ ದುರ್ಗಿಗುಡಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರಕ್ಕೆ ಸೇರಿದೆ. ಮಹಡಿಯ ಮೇಲೆ ಎರಡು ಕೋಣೆ, ಒಂಬತ್ತು ಕಂಪ್ಯೂಟರು, ಚಪ್ಪಲಿಗಳಿಗೆ ಪ್ರವೇಶವಿಲ್ಲ. ಯಂತ್ರಗಳಿಗೆ ಧೂಳಾಗದಂತೆ ಪ್ಲಾಸ್ಟಿಕ್ ಹೊದಿಕೆ, ನಮಗೆ ಮಾತ್ರ ಸೊಳ್ಳೆ. ಭಾನುವಾರ ತರಗತಿಗಳಿಲ್ಲದಿದ್ದರೂ ಕೇಂದ್ರದ ಯಜಮಾನರು ಬಾಗಿಲು ತೆರೆದಿಡುತ್ತಿದ್ದರು, ಮತ್ತು ಆ ತೆರೆದ ಬಾಗಿಲಿನಿಂದ ಊರಿನ ಒಂದು ವಿಚಿತ್ರ ಜನಾಂಗ ಬಂದು ಸೇರುತ್ತಿತ್ತು. ಅವರು ಪಾತ್ರಧಾರಿ ಆಟಗಳ ಭಕ್ತರು.

ಈ ಆಟಗಳನ್ನು ಅರಿಯದ ಸಹೃದಯರಿಗೆ ಒಂದು ಮಾತು. ಇವು ಗುಂಡು ಹಾರಿಸಿ, ಕಾರು ಓಡಿಸಿ ಅರ್ಧ ಗಂಟೆಯಲ್ಲಿ ಮುಗಿಸುವ ಆಟಗಳಲ್ಲ. ಇಲ್ಲಿ ನೀವೊಬ್ಬ ವೀರನನ್ನು ಸೃಷ್ಟಿಸಿ, ಅವನಿಗೆ ಹೆಸರಿಟ್ಟು, ಬಲವೆಷ್ಟು ಬುದ್ಧಿಯೆಷ್ಟು ಎಂದು ಹಂಚಿಕೊಟ್ಟು, ಒಂದು ಕಾಲ್ಪನಿಕ ದೇಶದಲ್ಲಿ ಬಿಡುತ್ತೀರಿ. ಅವನು ಊರಿಂದೂರಿಗೆ ಅಲೆಯುತ್ತಾನೆ, ಕಂಡಕಂಡವರನ್ನು ಮಾತಾಡಿಸುತ್ತಾನೆ, ಹಸಿದಾಗ ತಿನ್ನುತ್ತಾನೆ, ಹೊಡೆದಾಡಿ ಅನುಭವ ಗಳಿಸುತ್ತಾನೆ. ಹೀಗೆ ತಿಂಗಳುಗಟ್ಟಲೆ. ಎಲ್ಲಿಗೆ ನಿಲ್ಲಿಸಿದಿರೋ ಅದನ್ನು ಕಂಪ್ಯೂಟರಿನಲ್ಲಿ ಉಳಿಸಿಟ್ಟು, ಮರುದಿನ ಅಲ್ಲಿಂದಲೇ ಮುಂದುವರಿಸಬಹುದು. ಜಾಣರು ಹಾಗೆ ಉಳಿಸಿದ್ದನ್ನು ನಾಲ್ಕಾರು ಕಡೆ ಬೇರೆಬೇರೆಯಾಗಿ ಇಟ್ಟುಕೊಂಡಿರುತ್ತಾರೆ, ಇವತ್ತು ಎಡವಟ್ಟಾದರೆ ನಿನ್ನೆಗೆ ಮರಳಲು. ನಿಜಜೀವನದಲ್ಲಿ ಇಂಥ ಸೌಲಭ್ಯವಿದ್ದಿದ್ದರೆ ನಾನು ಪಿಎಚ್‌.ಡಿ.ಗೆ ಸೇರುತ್ತಿರಲಿಲ್ಲ.

ಭಾನುವಾರದ ಆ ಸಭೆಗಳಲ್ಲಿ ಆಟ ನಡೆಯುತ್ತಿದ್ದುದು ಕಡಿಮೆ, ಚರ್ಚೆಯೇ ಹೆಚ್ಚು. ಯಾವುದನ್ನು ಮೊದಲು ಆಡಬೇಕು, ಯಾವುದನ್ನು ಆಡದಿದ್ದರೆ ಜನ್ಮ ವ್ಯರ್ಥ, ಖಡ್ಗ ಮೇಲೋ ಮಂತ್ರ ಮೇಲೋ ಎಂಬ ವಿಚಾರಗಳಲ್ಲಿ ಮಠಗಳಲ್ಲೂ ಕಾಣದಷ್ಟು ಪಂಥಭೇದಗಳಿದ್ದವು. ಇಪ್ಪತ್ತೆರಡು ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಕಣ್ಣು ಅರೆಮುಚ್ಚಿ, ನಮ್ಮ ಕಾಲದಲ್ಲಿ ಚಿತ್ರಗಳೇ ಇರಲಿಲ್ಲ, ಬರೀ ಅಕ್ಷರದಲ್ಲೇ ರಾಕ್ಷಸನನ್ನು ನೋಡಿ ಹೆದರುತ್ತಿದ್ದೆವು ಎಂದು ನಿಟ್ಟುಸಿರು ಬಿಡುತ್ತಿದ್ದ. ಅವನ ಕಾಲವೆಂದರೆ ಆರು ವರ್ಷ ಹಿಂದಿನದು. ಆಯನೂರಿನಿಂದ ಬರುತ್ತಿದ್ದ ರೈತರೊಬ್ಬರಿದ್ದರು. ಅವರು ಆಟದ ನಕ್ಷೆಯನ್ನು ಬಹಳ ಹೊತ್ತು ದಿಟ್ಟಿಸಿ, ಇಷ್ಟು ಜಾಗ ಪಾಳು ಬಿಟ್ಟಿದ್ದಾರಲ್ಲ ಮಾರಾಯ್ರೆ, ಪಕ್ಕದಲ್ಲೇ ಹೊಳೆ ಇದೆ, ಶುಂಠಿಯಾದರೂ ಹಾಕಬಾರದಿತ್ತೇ ಎಂದು ಕೇಳಿದ್ದರು.

ಈ ಸಭೆಯಲ್ಲಿ ನನಗೆ ದೊರೆತ ಸ್ಥಾನ ವಿಮರ್ಶಕನದು. ಕಾವ್ಯಮೀಮಾಂಸೆಯ ತರಗತಿಯಲ್ಲಿ ಮಿಕ್ಕಿದ ಪದಗಳನ್ನೆಲ್ಲ ಇಲ್ಲಿಗೆ ತಂದು ಸುರಿದೆ. ಈ ಆಟದಲ್ಲಿ ಅದ್ಭುತರಸಕ್ಕೆ ಅಂಗವಾಗಿ ಕರುಣ ಬಂದಿದೆ, ಆ ಆಟದ ನಾಲ್ಕನೆಯ ಅಧ್ಯಾಯದಲ್ಲಿ ಔಚಿತ್ಯಭಂಗವಿದೆ ಎಂದು ನಾನು ಹೇಳತೊಡಗಿದರೆ ಒಂಬತ್ತು ಕಂಪ್ಯೂಟರುಗಳ ಫ್ಯಾನುಗಳೂ ತಗ್ಗಿದ ಸ್ವರದಲ್ಲಿ ತಿರುಗುತ್ತಿವೆಯೆಂದು ನನಗೆ ಭಾಸವಾಗುತ್ತಿತ್ತು. ಯಾರೇ ಹೊಸಬರು ಬಂದು ಯಾವ ಆಟ ಒಳ್ಳೆಯದು ಎಂದರೆ ಎಲ್ಲರ ಬೆರಳೂ ನನ್ನತ್ತ ತಿರುಗುತ್ತಿತ್ತು. ಮೇಷ್ಟ್ರನ್ನ ಕೇಳಿ, ಅವರು ಎಲ್ಲಾ ಮುಗಿಸಿದ್ದಾರೆ.

ಇಲ್ಲಿ ಓದುಗರ ಕಿವಿಯಲ್ಲಿ ಒಂದು ಸತ್ಯ ಹೇಳಬೇಕು. ನಾನು ಒಂದನ್ನೂ ಮುಗಿಸಿರಲಿಲ್ಲ. ಮುಗಿಸುವುದಿರಲಿ, ಯಾವ ಆಟದಲ್ಲೂ ಮೂರನೆಯ ಊರು ದಾಟಿರಲಿಲ್ಲ. ಇದಕ್ಕೆ ಎರಡು ಕಾರಣಗಳು. ಮೊದಲನೆಯದು, ವೀರನನ್ನು ಸೃಷ್ಟಿಸುವ ಹಂತದಲ್ಲೇ ನನ್ನ ಅರ್ಧ ಭಾನುವಾರ ಕಳೆಯುತ್ತಿತ್ತು. ಬಲ ಕೊಟ್ಟರೆ ಬುದ್ಧಿಗೆ ಕೊರತೆ, ಬುದ್ಧಿ ಕೊಟ್ಟರೆ ಮಾತಿಗೆ ಕೊರತೆ. ಕನ್ಯೆಯ ಜಾತಕ ಹಿಡಿದ ಸೋದರಮಾವನಂತೆ ಕೂಡಿ ಕಳೆದು, ಕೊನೆಗೆ ಪ್ರತಿಸಲವೂ ಮಾತೊಂದರಲ್ಲೇ ಮಹಾಶೂರನಾದ, ಗಾಳಿ ಬೀಸಿದರೆ ಬೀಳುವ ಒಬ್ಬ ವೀರನನ್ನು ತಯಾರಿಸುತ್ತಿದ್ದೆ. ನನ್ನ ಹೆಂಡತಿ ಒಮ್ಮೆ ಬಂದು ನೋಡಿ, ಇದು ನೀವೇ ಅಲ್ಲವೇ ಎಂದು ಕೇಳಿದ್ದಳು. ಎರಡನೆಯ ಕಾರಣ ಸಂಸ್ಕಾರ. ಈ ಆಟಗಳಲ್ಲಿ ವೀರನಾದವನು ಕಂಡವರ ಮನೆಗೆ ನುಗ್ಗಿ, ಪೆಟ್ಟಿಗೆ ತೆರೆದು, ಸಿಕ್ಕಿದ್ದನ್ನು ಚೀಲಕ್ಕೆ ಹಾಕಿಕೊಳ್ಳಬೇಕು. ಮನೆಯವರು ಪಕ್ಕದಲ್ಲೇ ನಿಂತಿದ್ದರೂ ಏನೂ ಅನ್ನುವುದಿಲ್ಲ. ನನಗೆ ಅದು ಆಗುತ್ತಿರಲಿಲ್ಲ. ಹೊಸ್ತಿಲ ಹೊರಗೆ ನಿಂತು, ಯಾರಾದರೂ ಒಳಗೆ ಬನ್ನಿ ಎನ್ನುತ್ತಾರೇನೋ ಎಂದು ಕಾಯುತ್ತಿದ್ದೆ. ಹೀಗೆ ಕವಚವಿಲ್ಲದೆ, ಕತ್ತಿಯಿಲ್ಲದೆ, ಸುಸಂಸ್ಕೃತನಾಗಿ ಹೋಗಿ ಮೂರನೆಯ ಊರಿನ ಬಾಗಿಲಲ್ಲಿ ಸಾಯುತ್ತಿದ್ದೆ.

ಎಲ್ಲ ಆಟಗಳನ್ನೂ ನಿಜವಾಗಿ ಮುಗಿಸಿದ್ದವನು ಊರಲ್ಲಿ ಒಬ್ಬನೇ ಇದ್ದ, ಗಾಂಧಿಬಜಾರಿನಲ್ಲಿ ವಾಚು, ರೇಡಿಯೋ ರಿಪೇರಿ ಮಾಡುತ್ತಿದ್ದ ಇಮ್ತಿಯಾಜ್. ಆಟಗಳ ಸಿ.ಡಿ.ಗಳು ನಮ್ಮ ಕೇಂದ್ರಕ್ಕೆ ಬರುತ್ತಿದ್ದುದು ಅವನಿಂದಲೇ. ಆದರೆ ಅವನು ಸಭೆಗೆ ಬರುತ್ತಿರಲಿಲ್ಲ. ಯಾವುದು ಚೆನ್ನಾಗಿದೆ ಎಂದರೆ, ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆ, ಆಡಿ ನೋಡಿ ಸಾರ್ ಎಂದಷ್ಟೇ ಹೇಳುತ್ತಿದ್ದ. ಇಷ್ಟು ತಿಳಿದವನಿಗೆ ಅಭಿವ್ಯಕ್ತಿಯ ಶಕ್ತಿ ಇಲ್ಲವಲ್ಲ ಎಂದು ನಾನು ಅವನ ಬಗ್ಗೆ ಮರುಗುತ್ತಿದ್ದೆ.

ಹೀಗಿರುವಾಗ ಒಂದು ಭಾನುವಾರ ಪರಮೇಶ್ವರಪ್ಪನವರು ಬಂದರು. ಭದ್ರಾವತಿಯ ಕಾಗದ ಕಾರ್ಖಾನೆಯಲ್ಲಿ ಫೋರ್‌ಮನ್, ಕಾಗದನಗರದ ಕ್ವಾರ್ಟರ್ಸಿನಲ್ಲಿ ವಾಸ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಶಂಕರಘಟ್ಟದಲ್ಲಿ ಕಂಪ್ಯೂಟರ್ ಓದುತ್ತಿದ್ದ ಮಗಳು ಸುಧಾಳಿಗೆಂದು ಮನೆಗೆ ಯಂತ್ರ ತಂದಿದ್ದರು. ಇಪ್ಪತ್ತೈದು ವರ್ಷ ಪಾಳಿಯ ಮೇಲೆ ಪಾಳಿ ದುಡಿದ ಅವರನ್ನು, ರಕ್ತದೊತ್ತಡದ ಕಾರಣಕ್ಕೆ ಹಗಲಿನ ಜನರಲ್ ಶಿಫ್ಟಿಗೆ ಹಾಕಿದ್ದರಂತೆ. ಸಂಜೆ ಐದೂವರೆಗೆ ಮನೆಗೆ ಬಂದರೆ ಏನು ಮಾಡಬೇಕೆಂದೇ ತೋಚುತ್ತಿಲ್ಲ, ಜೀವಮಾನದಲ್ಲಿ ಇಷ್ಟು ಸಂಜೆಗಳನ್ನು ನೋಡಿಯೇ ಇರಲಿಲ್ಲ, ಮನೆಯವರೆಲ್ಲ ಸೇರಿ ಆಡುವಂಥ, ಬೇಗ ಮುಗಿಯದಂಥ ಆಟವೊಂದನ್ನು ಹೇಳಿ ಎಂದು ಅವರು ಸಂಕೋಚದಿಂದ ಕೇಳಿದರು. ನಾನು ಎರಡು ನಿಮಿಷ ಕಣ್ಣುಮುಚ್ಚಿದೆ, ಅದು ಶಿಫಾರಸಿನ ಶಿಷ್ಟಾಚಾರ. ಆಮೇಲೆ ಗಂಟೆಯ ಆಟ ಎಂದೆ.

ಅದರ ನಿಜವಾದ ಹೆಸರು ಸಿ.ಡಿ.ಯ ಮೇಲೆ ಅಳಿಸಿಹೋಗಿತ್ತು. ಆರಂಭದಲ್ಲೇ ಸಾಯುತ್ತಿರುವ ರಾಜನೊಬ್ಬ ವೀರನ ಕೈಗೆ ಒಂದು ಕಂಚಿನ ಗಂಟೆಯನ್ನು ಕೊಟ್ಟು, ಯಾಕೆಂದು ಹೇಳುವ ಮೊದಲೇ ಪ್ರಾಣ ಬಿಡುತ್ತಾನೆ. ಅದಕ್ಕೇ ನಾವದನ್ನು ಗಂಟೆಯ ಆಟ ಎನ್ನುತ್ತಿದ್ದೆವು. ಆ ಆಟದ ಧ್ವನಿಶಕ್ತಿಯನ್ನು ಕುರಿತು ನಾನು ಮುಕ್ಕಾಲು ಗಂಟೆ ಮಾತಾಡಿದೆ. ಪರಮೇಶ್ವರಪ್ಪನವರು ಒಂದು ಪುಟ ಟಿಪ್ಪಣಿ ಮಾಡಿಕೊಂಡರು.

ಮುಂದಿನ ಭಾನುವಾರ ಅವರು ಬಂದಾಗ ಬಗಲಲ್ಲಿ ಒಂದು ದಪ್ಪ ರಿಜಿಸ್ಟರು ಇತ್ತು. ಕಾರ್ಖಾನೆಯ ಮನುಷ್ಯ ಆಟವನ್ನೂ ಕಾರ್ಖಾನೆಯ ಕ್ರಮದಲ್ಲೇ ನಡೆಸತೊಡಗಿದ್ದರು. ವೀರನಿಗೆ ಸೋಮು ಎಂದು ಹೆಸರಿಟ್ಟು, ಅವನನ್ನು ಮೂರು ಪಾಳಿಯಲ್ಲಿ ಓಡಿಸುವ ಏರ್ಪಾಡು. ಬೆಳಿಗ್ಗೆ ತಿಂಡಿಯ ಕೆಲಸ ಮುಗಿದ ಮೇಲೆ ಹೆಂಡತಿ ಸರೋಜಮ್ಮನವರ ಪಾಳಿ, ನಾಲ್ಕಕ್ಕೆ ಶಂಕರಘಟ್ಟದ ಬಸ್ಸಿಳಿದು ಬಂದ ಸುಧಾಳದು, ಆರಕ್ಕೆ ಇವರದು. ಪ್ರತಿ ಪಾಳಿಯವರೂ ಏನೇನಾಯಿತೆಂದು ರಿಜಿಸ್ಟರಿನಲ್ಲಿ ಬರೆದು, ಮುಂದಿನವರಿಗೆ ಚಾರ್ಜು ಕೊಟ್ಟು, ಸಹಿ ಹಾಕಬೇಕು. ಸುಧಾ ಹೊಡೆದಾಟಗಾರ್ತಿ, ಅವಳ ಪಾಳಿಯಲ್ಲಿ ಸೋಮು ದಾರಿಯಲ್ಲಿ ಸಿಕ್ಕವರನ್ನೆಲ್ಲ ಬಡಿಯುತ್ತಿದ್ದ. ತಂದೆಯ ಪಾಳಿಯಲ್ಲಿ ಅದೇ ಸೋಮು ಎಲ್ಲಿಗೂ ಹೋಗದೆ ಕತ್ತಿ ಮಸೆದು, ಕವಚದ ಬೆಸುಗೆ ನೋಡಿ, ಚೀಲ ಖಾಲಿ ಮಾಡಿ ಮತ್ತೆ ಜೋಡಿಸುತ್ತಿದ್ದ. ಸರೋಜಮ್ಮನವರ ಪಾಳಿಯಲ್ಲಿ ಯುದ್ಧವೇ ಇಲ್ಲ. ಅವರು ಪ್ರತಿ ಊರಿನ ಪ್ರತಿ ಮನೆಯ ಮುಂದೂ ನಿಂತು, ನಿನ್ನೆ ಮಾತಾಡಿಸಿದವರನ್ನೇ ಇವತ್ತೂ ಮಾತಾಡಿಸಿ, ಸೋಮುವಿಗೆ ಹಸಿವಿರಲಿ ಬಿಡಲಿ ರೊಟ್ಟಿ ತಿನ್ನಿಸುತ್ತಿದ್ದರು. ರಿಜಿಸ್ಟರಿನಲ್ಲಿ ಅವರ ದುಂಡು ಅಕ್ಷರದ ಒಂದು ನಮೂದು ನನಗಿನ್ನೂ ನೆನಪಿದೆ: ಗಿರಣಿಯ ಮುದುಕನಿಗೆ ಮಂಡಿನೋವು ಹಾಗೇ ಇದೆ, ನಾಳೆ ಮತ್ತೆ ವಿಚಾರಿಸುವುದು.

ಮೂರು ಜನರ ಮೂರು ಸ್ವಭಾವ ಹೊತ್ತು ಆ ಸೋಮು ಹುಚ್ಚನಾಗದೆ ಮುಂದುವರಿದದ್ದೇ ಆಶ್ಚರ್ಯ. ಒಂದು ವಿಷಯದಲ್ಲಿ ಮಾತ್ರ ಪರಮೇಶ್ವರಪ್ಪನವರು ಕಟ್ಟುನಿಟ್ಟು. ಆಟವನ್ನು ಹಲವು ಕಡೆ ಉಳಿಸಿಟ್ಟುಕೊಳ್ಳೋಣವೆಂದು ಸುಧಾ ಹೇಳಿದಾಗ ಅವರು ಒಪ್ಪಲಿಲ್ಲವಂತೆ. ಓಡುತ್ತಿರುವ ಯಂತ್ರವನ್ನು ಒಬ್ಬರು ಕೊಡಬೇಕು, ಇನ್ನೊಬ್ಬರು ತಗೊಳ್ಳಬೇಕು. ಕಾಗದ ಹರಿದರೆ ಹರಿದ ಜಾಗದಿಂದಲೇ ಸರಿಮಾಡಿಕೊಂಡು ಹೋಗಬೇಕೇ ಹೊರತು, ಹರಿಯುವುದಕ್ಕೆ ಮೊದಲಿನ ಗಂಟೆಗೆ ಹೋಗುವುದು ಯಾವ ಕಾರ್ಖಾನೆಯಲ್ಲೂ ಇಲ್ಲ ಎಂಬುದು ಅವರ ನ್ಯಾಯ. ಹಾಗಾಗಿ ಸೋಮು ಉಳಿದಿರುತ್ತಿದ್ದುದು ಒಂದೇ ಕಡೆ, ಹೊಸದು ಹಳೆಯದನ್ನು ಅಳಿಸಿಕೊಂಡು. ನಾನು ಈ ತತ್ತ್ವವನ್ನು ಸಭೆಯಲ್ಲಿ ಬಹಳವಾಗಿ ಕೊಂಡಾಡಿದೆ. ಕಾಲದ ಏಕಮುಖತ್ವ ಎಂಬ ಪದವನ್ನೂ ಬಳಸಿದೆ.

ಎರಡು ತಿಂಗಳು ಕಳೆಯಿತು. ಸೋಮು ಮೂರನೆಯ ಊರು ದಾಟಿದ, ನಾಲ್ಕನೆಯದನ್ನೂ ದಾಟಿದ. ಅಂದರೆ ನಾನು ಕಂಡಿರದ ದೇಶಕ್ಕೆ ಕಾಲಿಟ್ಟ. ಆದರೂ ಪ್ರತಿ ಭಾನುವಾರ ಪರಮೇಶ್ವರಪ್ಪನವರು ರಿಜಿಸ್ಟರು ಬಿಚ್ಚಿ ಸಂದೇಹ ಕೇಳುತ್ತಿದ್ದರು, ನಾನು ಗಂಭೀರನಾಗಿ ಪರಿಹಾರ ಹೇಳುತ್ತಿದ್ದೆ. ಉತ್ತರಕ್ಕೆ ಹೋಗಬೇಕೋ ಪೂರ್ವಕ್ಕೋ ಎಂದರೆ, ಎರಡೂ ಕಡೆ ಏನೋ ಒಂದು ಇದ್ದೇ ಇರುತ್ತದೆಂಬ ಧೈರ್ಯದ ಮೇಲೆ ಪೂರ್ವ ಎನ್ನುತ್ತಿದ್ದೆ. ಅದೃಷ್ಟಕ್ಕೆ ಇರುತ್ತಿತ್ತು. ಅವರು ಸಲಹೆಯನ್ನು ನನ್ನೆದುರೇ ಬರೆದುಕೊಂಡು, ಕೆಳಗೆ ಮೇಷ್ಟ್ರ ಸೂಚನೆ ಎಂದು ಗೆರೆ ಎಳೆಯುತ್ತಿದ್ದರು. ಆ ಗೆರೆ ನನಗೆ ಬಹಳ ಹಿತವಾಗಿತ್ತು.

ಆಮೇಲೆ ಬಂತು ಕಮ್ಮಾರನ ಪ್ರಶ್ನೆ. ಬೆಟ್ಟದ ಬುಡದಲ್ಲಿ ಒಂದು ಹಳೆಯ ಗಣಿ, ಅದರ ಬಾಯಲ್ಲಿ ಮುದಿ ಕಮ್ಮಾರನೊಬ್ಬ. ಆ ಕಂಚಿನ ಗಂಟೆ ಕೊಟ್ಟರೆ ಬದಲಿಗೆ ಹೊಳೆಯುವ ಖಡ್ಗ ಕೊಡುತ್ತೇನೆನ್ನುತ್ತಾನೆ. ಕೊಡಬೇಕೋ ಬಿಡಬೇಕೋ ತಿಳಿಯದೆ, ಬುಧವಾರದಿಂದ ಭಾನುವಾರದವರೆಗೆ ಮೂರೂ ಪಾಳಿ ನಿಲ್ಲಿಸಿ, ಸೋಮುವನ್ನು ಕಮ್ಮಾರನ ಮುಂದೆ ಹಾಗೇ ನಿಲ್ಲಿಸಿಕೊಂಡು ಅವರು ನನ್ನ ಬಳಿಗೆ ಬಂದಿದ್ದರು. ಸುಧಾ ಕೊಡೋಣ ಎಂದಿದ್ದಳಂತೆ. ಸರೋಜಮ್ಮ ಬೇಡ ಎಂದಿದ್ದರಂತೆ. ಸಾಯುವಾಗ ಒಬ್ಬರು ಕೈಗೆ ಕೊಟ್ಟ ಸಾಮಾನನ್ನು ಹಾಗೆ ಕಮ್ಮಾರನಿಗೆ ಹಾಕಬಾರದು ಎಂದು. ನಾನು ಮತ್ತೆ ಎರಡು ನಿಮಿಷ ಕಣ್ಣುಮುಚ್ಚಿದೆ. ಗಂಟೆಯೆಂಬುದು ಇಲ್ಲಿ ಮಮಕಾರದ ಪ್ರತೀಕ, ತ್ಯಾಗವಿಲ್ಲದೆ ವೀರನಿಗೆ ಪರಿಪೂರ್ಣತೆಯಿಲ್ಲ, ನಿಸ್ಸಂಶಯವಾಗಿ ಕೊಟ್ಟುಬಿಡಿ ಎಂದೆ. ಪರಮೇಶ್ವರಪ್ಪನವರ ಮುಖ ಹಗುರಾಯಿತು. ಅವರು ಗೆರೆ ಎಳೆದರು.

ಸೋಮು ಗಂಟೆ ಕೊಟ್ಟ, ಖಡ್ಗ ಪಡೆದ, ಗಣಿಯೊಳಗೆ ಇಳಿದ. ಹಿಂದೆ ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಸುಧಾ ಅಷ್ಟನ್ನೂ ಉಳಿಸಿ ಸಹಿ ಹಾಕಿದಳು.

ಮುಂದಿನ ಭಾನುವಾರದ ರಿಜಿಸ್ಟರಿನಲ್ಲಿ ಹೊಸ ಬಗೆಯ ನಮೂದುಗಳಿದ್ದವು. ಮೊದಲ ಪಾಳಿ: ಉತ್ತರದ ಗೋಡೆ ತಟ್ಟಲಾಯಿತು, ಏನೂ ಇಲ್ಲ. ಎರಡನೇ ಪಾಳಿ: ದಕ್ಷಿಣದ ಗೋಡೆ ತಟ್ಟಲಾಯಿತು, ಏನೂ ಇಲ್ಲ, ಬಾವಲಿ ನಾಲ್ಕು. ಮೂರನೇ ಪಾಳಿ: ಉತ್ತರದ ಗೋಡೆ ಮತ್ತೆ ತಟ್ಟಲಾಯಿತು. ಪ್ರತಿದಿನದ ಕೊನೆಗೆ ಸರೋಜಮ್ಮನವರ ಅಕ್ಷರದಲ್ಲಿ ಒಂದು ಸಾಲು, ರೊಟ್ಟಿ ಎಷ್ಟು ಉಳಿದಿದೆ ಎಂದು. ಸೋಮು ಇಪ್ಪತ್ತೊಂದು ರೊಟ್ಟಿಯೊಂದಿಗೆ ಗಣಿಗೆ ಇಳಿದಿದ್ದ; ಈಗ ಹದಿನಾಲ್ಕಾಗಿತ್ತು. ಅವು ಮುಗಿದರೆ ಹಸಿವಿನಿಂದ ಸಾಯುತ್ತಾನೆ. ಆಡದೆ ಸುಮ್ಮನಿದ್ದರೆ ಹಸಿವೂ ಸುಮ್ಮನಿರುತ್ತದೆ, ಆದರೆ ಹುಡುಕದೆ ದಾರಿಯೂ ಸಿಗುವುದಿಲ್ಲ. ದಾರಿ ಇದ್ದೇ ಇರಬೇಕು, ಮೇಷ್ಟ್ರು ಹೇಳಿದ ಮೇಲೆ ನಮ್ಮ ಕಣ್ಣಿಗೇ ಬೀಳುತ್ತಿಲ್ಲ ಅಷ್ಟೆ ಎಂದು ಪರಮೇಶ್ವರಪ್ಪ ತಮ್ಮನ್ನೇ ಹಳಿದುಕೊಂಡರು. ಪೂರ್ವದ ಗೋಡೆ ತಟ್ಟಿ ಎಂದೆ.

ಅಂದು ಸಂಜೆಯೇ ಇಮ್ತಿಯಾಜನ ಅಂಗಡಿಗೆ ಹೋದೆ, ಕೆಡದ ವಾಚನ್ನು ರಿಪೇರಿಗೆ ಕೊಡುವ ನೆಪ ಮಾಡಿಕೊಂಡು. ಮಾತಿನ ನಡುವೆ, ಆ ಗಂಟೆಯ ಆಟದಲ್ಲಿ ಕಮ್ಮಾರನಿಗೆ ಗಂಟೆ ಕೊಟ್ಟರೆ ಏನಾಗುತ್ತದೆ ಎಂದು, ಯಾರೋ ಕೇಳಿದರೆಂಬಂತೆ ಕೇಳಿದೆ. ಇಮ್ತಿಯಾಜ್ ಮೊದಲ ಬಾರಿಗೆ ಭೂತಗನ್ನಡಿ ತೆಗೆದು ನನ್ನನ್ನು ನೋಡಿದ.

“ಖತಮ್ ಸಾರ್. ಒಳಗಿಂದ ಗಂಟೆ ಬಾರಿಸಿದ್ರೇನೇ ಬಾಗ್ಲು ತೆಗಿಯೋದು. ಗಂಟೆ ಇಲ್ಲಾಂದ್ರೆ ಅವನು ಅಲ್ಲೇ. ಯಾರ್ ಸಾರ್ ಅಷ್ಟು ದಡ್ಡ ಕೆಲ್ಸ ಮಾಡಿದ್ದು?”

ನನಗೆ ಪರಿಚಯವಿಲ್ಲದ ಯಾರೋ ಒಬ್ಬರು ಎಂದೆ. ವಾಚು ತೆಗೆದುಕೊಂಡು ಹೊರಗೆ ಬಂದಾಗ ನನಗೆ ಕಿವಿಯವರೆಗೂ ನಾಚಿಕೆಯಾಗಿತ್ತು. ಒಬ್ಬ ಮನುಷ್ಯ, ಅವನ ಹೆಂಡತಿ, ಮಗಳು, ನಾನು ಕಣ್ಣುಮುಚ್ಚಿ ಹೇಳಿದ ಒಂದು ಮಾತನ್ನು ನಂಬಿ, ಇಲ್ಲದ ಬಾಗಿಲಿಗಾಗಿ ಸರದಿಯ ಮೇಲೆ ಗೋಡೆ ತಟ್ಟುತ್ತಿದ್ದರು.

ಮರುದಿನವೇ ಹೇಳಿಬಿಡಬಹುದಿತ್ತಲ್ಲ ಎಂದು ಓದುಗರು ಕೇಳಬಹುದು. ಕೇಳುವುದು ಸುಲಭ. ಮುಂದಿನ ಭಾನುವಾರ ಹೇಳಲೆಂದೇ ಹೋದೆ. ಸಭೆ ತುಂಬಿತ್ತು, ಎಲ್ಲರ ಮುಂದೆ ನನ್ನ ವಿಮರ್ಶಕಪೀಠ ಉರುಳುವುದನ್ನು ನೋಡಲಾರದೆ ಪಶ್ಚಿಮದ ಗೋಡೆ ಎಂದೆ. ರೊಟ್ಟಿ ಒಂಬತ್ತಿತ್ತು. ಅದರ ಮುಂದಿನ ಭಾನುವಾರ ಜ್ವರವೆಂದು ಹೇಳಿ ಕಳಿಸಿ ಮನೆಯಲ್ಲೇ ಮಲಗಿದೆ. ಸುಳ್ಳು ಜ್ವರಕ್ಕೆ ಹೆಂಡತಿ ಕೊಟ್ಟ ನಿಜವಾದ ಕಷಾಯ ಕುಡಿದೆ. ಸೋಮವಾರ ಕಾಲೇಜಿಗೆ ಸುಧಾಳ ಫೋನು ಬಂತು. ಅಪ್ಪ ನಿಮ್ಮ ಆರೋಗ್ಯ ವಿಚಾರಿಸಲು ಹೇಳಿದರು ಎಂದಳು. ಆಮೇಲೆ, ತಗ್ಗಿದ ದನಿಯಲ್ಲಿ, ರೊಟ್ಟಿ ಎರಡೇ ಉಳಿದಿವೆಯೆಂದೂ, ಅಮ್ಮ ಈಗ ತಮ್ಮ ಪಾಳಿಯಲ್ಲಿ ಕಂಪ್ಯೂಟರನ್ನು ಹಚ್ಚುತ್ತಲೇ ಇಲ್ಲವೆಂದೂ, ಅವನು ತಿನ್ನದೆ ಕೂತಿರುವಾಗ ನನಗೆ ಅನ್ನ ಸೇರುವುದಿಲ್ಲ ಎಂದು ಮಧ್ಯಾಹ್ನದ ಊಟವನ್ನೇ ಅರ್ಧಕ್ಕೆ ಬಿಡುತ್ತಿದ್ದಾರೆಂದೂ ಹೇಳಿದಳು. ಹೇಳುತ್ತಾ ಸ್ವಲ್ಪ ನಕ್ಕಳು, ಆದರೆ ನನಗೆ ನಗು ಬರಲಿಲ್ಲ. ಕೊನೆಯ ತರಗತಿ ಬಿಟ್ಟು ಭದ್ರಾವತಿಯ ಬಸ್ಸು ಹತ್ತಿದೆ.

ಕಾಗದನಗರದ ಆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಎದುರು ಮೂರು ಕುರ್ಚಿಗಳಿದ್ದವು. ಪಾಳಿ ಮುಗಿಸಿದವರಿಗೊಂದು, ವಹಿಸಿಕೊಳ್ಳುವವರಿಗೊಂದು, ಸುಮ್ಮನೆ ನೋಡುವವರಿಗೊಂದು. ನನ್ನನ್ನು ಅಲ್ಲಿ ಕೂರಿಸಲಿಲ್ಲ. ಗೋಡೆಯ ಬದಿಯ ಸೋಫಾದ ಮೇಲೆ ಹೊಸ ಬಟ್ಟೆ ಹಾಸಿ, ಗುರುಗಳನ್ನು ಕೂರಿಸುವಂತೆ ಕೂರಿಸಿ, ಉಪ್ಪಿಟ್ಟಿನ ತಟ್ಟೆ ಕೈಗಿಟ್ಟರು. ಪರದೆಯ ಮೇಲೆ ಸೋಮು ಹೊಳೆಯುವ ಖಡ್ಗ ಹಿಡಿದು ಕತ್ತಲಲ್ಲಿ ಕೂತಿದ್ದ. ಜ್ವರದಿಂದೆದ್ದು ಇಷ್ಟು ದೂರ ಬಂದಿರಲ್ಲ, ನಮ್ಮಿಂದ ನಿಮಗೆ ತೊಂದರೆ ಎಂದು ಪರಮೇಶ್ವರಪ್ಪನವರು ನೊಂದುಕೊಂಡರು. ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟೆ.

“ಪರಮೇಶ್ವರಪ್ಪನವರೇ, ಜ್ವರ ಸುಳ್ಳು. ಆ ಗಣೀಲಿ ದಾರಿ ಇಲ್ಲ. ಗಂಟೆ ಕೊಡಬಾರದಿತ್ತು. ನನಗೆ ಗೊತ್ತಿಲ್ಲದೆ ಹೇಳಿದೆ. ನಾನು ಆ ಆಟ ಮುಗಿಸೇ ಇಲ್ಲ.”

ಅಡುಗೆಮನೆಯ ಬಾಗಿಲಲ್ಲಿದ್ದ ಸರೋಜಮ್ಮ ಅಲ್ಲೇ ನಿಂತರು. ಪರಮೇಶ್ವರಪ್ಪ ಪರದೆಯ ಮೇಲಿನ ಸೋಮುವನ್ನು ನೋಡಿದರು. ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು ಅನ್ನಿಸಿತು ನನಗೆ. ಆದರೆ ಅವರು ಕೆಟ್ಟ ಯಂತ್ರದ ಮುಂದೆ ನಿಂತ ಫೋರ್‌ಮನ್ನನಂತೆ, ಎಲ್ಲಿಂದ ಕೆಟ್ಟಿತು ಎಂಬುದನ್ನಷ್ಟೇ ತಿಳಿಯಬೇಕೆಂಬ ದನಿಯಲ್ಲಿ ಕೇಳಿದರು.

“ನೀವು ಎಲ್ಲಿ ತನಕ ಹೋಗಿದ್ರಿ ಮೇಷ್ಟ್ರೇ?”

“ಮೂರನೇ ಊರಿನ ಬಾಗಿಲ ತನಕ.”

“ಅಲ್ಲೇನಾಯ್ತು?”

“ತೋಳ ತಿಂತು” ಎಂದೆ. ಎಲ್ಲ ಹೇಳುತ್ತಿರುವಾಗ ಇದನ್ನೇಕೆ ಮುಚ್ಚಿಡಬೇಕೆಂದು, “ಹದಿನಾಲ್ಕು ಸಲ” ಎಂದೂ ಸೇರಿಸಿದೆ.

ಸುಧಾ ಬಾಯಿಗೆ ಕೈ ಅಡ್ಡ ಹಿಡಿದಳು, ಆದರೂ ನಗು ಬೆರಳ ಸಂದಿಯಿಂದ ಹೊರಟಿತು. ಬಾಗಿಲ ಬಳಿಯ ಆ ಬೂದುಬಣ್ಣದ ತೋಳವೇ ಎಂದು ಕೇಳಿ, ಅದು ಎಂದೂ ತಮ್ಮ ಮೇಲೆ ಬಿದ್ದೇ ಇಲ್ಲವೆಂದಳು. ಊರಿಗೆ ಬಂದ ಮೊದಲ ದಿನವೇ ಅಮ್ಮ ಅದರ ಮುಂದೆ ಒಂದು ರೊಟ್ಟಿ ಇಟ್ಟಿದ್ದರಂತೆ. ಆಮೇಲೆ ಆ ಊರಿನಲ್ಲಿದ್ದಷ್ಟು ದಿನವೂ ಬೆಳಗಿನ ಪಾಳಿಯಲ್ಲಿ ಅದಕ್ಕೊಂದು ರೊಟ್ಟಿ ತಪ್ಪಿರಲಿಲ್ಲವಂತೆ. ಪಾಪ, ಅದೂ ಹಸಿದಿತ್ತು ಎಂದು ಸರೋಜಮ್ಮ ಬಾಗಿಲಿನಿಂದಲೇ ಹೇಳಿದರು. ಕಾವ್ಯಮೀಮಾಂಸೆಯನ್ನು ಅರೆದು ಕುಡಿದಿದ್ದ ನನಗೆ, ಹದಿನಾಲ್ಕು ಸಲ ಸತ್ತರೂ, ಆ ತೋಳಕ್ಕೆ ಹಸಿವಿರಬಹುದೆಂದು ಹೊಳೆದಿರಲಿಲ್ಲ.

ಪರಮೇಶ್ವರಪ್ಪನವರ ಮುಖದಲ್ಲೂ ಏನೋ ಸಡಿಲವಾಯಿತು. ಹೊಸದಾಗಿ ಶುರುಮಾಡುವುದೊಂದೇ ದಾರಿ ಎಂದು ಅವರು ಮಗಳ ಕಡೆ ನೋಡಿದರು. ಅವಳು ಕೈ ಚಾಚಿದಳು. ಅಷ್ಟರಲ್ಲಿ ಸರೋಜಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವಳನ್ನು ತಡೆದು, ತಾವೇ ಕುರ್ಚಿಯಲ್ಲಿ ಕೂತರು. ಖಾಲಿ ಹೊಟ್ಟೆಯಲ್ಲಿ ಬಿಟ್ಟು ಹೋಗುವುದು ಬೇಡ ಎಂದು, ಉಳಿದಿದ್ದ ಎರಡು ರೊಟ್ಟಿಯನ್ನೂ ಸೋಮುವಿಗೆ ತಿನ್ನಿಸಿದರು. ಪರದೆಯ ಮೂಲೆಯಲ್ಲಿ ಅವನ ಹಸಿವನ್ನು ತೋರಿಸುವ ಗೆರೆ ಪೂರ್ತಿ ಹಸಿರಾಯಿತು. ಸುಮಾರು ಮೂರು ತಿಂಗಳ ಸೋಮು ಹೊಟ್ಟೆ ತುಂಬಿಕೊಂಡು ಅಳಿಸಿಹೋದ. ಹೊರಡುತ್ತೇನೆ, ಬಸ್ಸಿಗೆ ಹೊತ್ತಾಯಿತು ಎಂದು ನಾನು ಎದ್ದೆ.

“ಎಲ್ಲಿಗೆ ಹೋಗ್ತೀರಿ, ಕೂತ್ಕೊಳ್ಳಿ” ಎಂದರು ಸರೋಜಮ್ಮ. “ದಾರಿ ನಮಗೂ ಗೊತ್ತಿರ್ಲಿಲ್ಲ, ನಿಮಗೂ ಗೊತ್ತಿರ್ಲಿಲ್ಲ. ಮೊದ್ಲೇ ಹೇಳಿದ್ರೆ ಇನ್ನೊಂದು ಕುರ್ಚಿ ಹಾಕ್ತಿದ್ವಲ್ಲ ಮೇಷ್ಟ್ರೇ.”

ಪರಮೇಶ್ವರಪ್ಪನವರು ಒಳಗಿನಿಂದ ಒಂದು ಸ್ಟೂಲು ತಂದು, ಮೂರು ಕುರ್ಚಿಗಳನ್ನು ಸ್ವಲ್ಪ ಸ್ವಲ್ಪ ಸರಿಸಿ, ನಡುವೆ ಹಾಕಿದರು. ಸೋಫಾ ಬಿಟ್ಟು ಅದರ ಮೇಲೆ ಕೂತೆ. ಒಂದು ಕಾಲು ಗಿಡ್ಡವಾಗಿತ್ತು, ಆದರೆ ಪರದೆ ಚೆನ್ನಾಗಿ ಕಾಣುತ್ತಿತ್ತು. ಹೊಸ ವೀರನಿಗೂ ಸೋಮು ಎಂದೇ ಹೆಸರಿಟ್ಟೆವು. ಬಲ, ಬುದ್ಧಿ, ಮಾತುಗಳನ್ನು ಹಂಚುವ ಕೆಲಸ ನನಗೆ ಬೇಡವೆಂದು ಸುಧಾ ತಾನೇ ಅರ್ಧ ನಿಮಿಷದಲ್ಲಿ ಹಂಚಿ ಮುಗಿಸಿದಳು. ಮೊದಲ ಎರಡು ಊರುಗಳನ್ನು ಅವರು ಮೂವರೂ ಕಣ್ಣುಮುಚ್ಚಿ ದಾಟಬಲ್ಲವರಾಗಿದ್ದರು. ಏಳು ಗಂಟೆಯ ಹೊತ್ತಿಗೆ ಮೂರನೆಯ ಊರಿನ ಬಾಗಿಲು ಕಂಡಿತು, ಮುಂದೆ ಆ ಬೂದುಬಣ್ಣದ ತೋಳ. ಪರಮೇಶ್ವರಪ್ಪನವರು ಎದ್ದು, ಚಾರ್ಜು ನಿಮಗೆ ಎಂದು ಕೀಲಿಮಣೆಯನ್ನು ನನ್ನತ್ತ ತಳ್ಳಿದರು. ಸರೋಜಮ್ಮ ಹೇಳಿಕೊಟ್ಟ ಹಾಗೆ, ಹತ್ತಿರ ಹೋಗದೆ, ನಾಲ್ಕು ಹೆಜ್ಜೆ ದೂರದಲ್ಲೇ ಒಂದು ರೊಟ್ಟಿ ಇಟ್ಟು ನಿಂತೆ. ತೋಳ ಬಂದು ಮೂಸಿತು, ತಿಂದಿತು, ಬಾಗಿಲಿನಿಂದ ಪಕ್ಕಕ್ಕೆ ಸರಿದು ಮಲಗಿತು.

ಒಳಗೆ ಹೋದ ಮೇಲೆ ಎಡಕ್ಕೋ ಬಲಕ್ಕೋ ಎಂದು ಪರಮೇಶ್ವರಪ್ಪನವರು ಅಭ್ಯಾಸಬಲದಿಂದ ನನ್ನನ್ನೇ ಕೇಳಿದರು. ಕಣ್ಣುಮುಚ್ಚಬೇಕೆನ್ನಿಸಲಿಲ್ಲ. ನನಗೆ ಗೊತ್ತಿಲ್ಲ ಎಂದೆ.